ತಲಕಾಡಿನ ಮರಳಿಗೆ ಒಂದು ಗಂಟೆ ಸಾಲದು

ನಮ್ಮ ಮೆಲ್ಕಾರಿನ ಕಡೆಯಿಂದ ಕಾರಿನಲ್ಲಿ ಮೈಸೂರು ಪ್ರವಾಸಕ್ಕೆ ಹೊರಡುವ ಕುಟುಂಬಗಳ ವಾಡಿಕೆ ಹೆಚ್ಚುಕಡಮೆ ಒಂದೇ. ಮಾಣಿಯಲ್ಲಿ ಬೆಂಗಳೂರಿನ ಹೆದ್ದಾರಿಯನ್ನು ಬಿಟ್ಟು ಪುತ್ತೂರು, ಸುಳ್ಯ, ಮಡಿಕೇರಿಗಳನ್ನು ದಾಟಿ ಮೈಸೂರು ಸೇರುವುದು. ಮರುದಿನ ಅರಮನೆ, ಚಾಮುಂಡಿಬೆಟ್ಟ. ಮೂರನೆಯ ದಿನ ಸೋಮನಾಥಪುರ, ತಲಕಾಡು, ಶಿವನಸಮುದ್ರ, ಮೂರೂ ಒಂದೇ ಹಗಲಿನಲ್ಲಿ. ತಲಕಾಡಿನ ಪಾಲಿಗೆ ಬೀಳುವುದು ಒಂದು ಗಂಟೆ. ಮಕ್ಕಳು ಮರಳಿನಲ್ಲಿ ಉರುಳುವರು. ಹಿರಿಯರು ಅಲಮೇಲಮ್ಮನ ಶಾಪದ ಕಥೆ ಹೇಳುವರು. ಬಳಿಕ ಚಪ್ಪಲಿಯ ಮರಳನ್ನು ಕಾರಿನ ಬಾಗಿಲಲ್ಲಿ ಕೊಡವಿ ಹೊರಟುಬಿಡುವರು. ಹಾಗೆ ಕೊಡವಿದ ಮರಳೇ ಆ ಊರಿನಲ್ಲಿ ನೋಡತಕ್ಕ ಮುಖ್ಯ ವಸ್ತುವೆಂಬುದು ನಮ್ಮ ಅಭಿಪ್ರಾಯ.

ಮರಳಿದ್ದ ಮಾತ್ರಕ್ಕೆ ಒಂದು ಸ್ಥಳವು ಮರುಭೂಮಿಯಾಗದು. ವರ್ಷಕ್ಕೆ 25 ಸೆಂಟಿಮೀಟರಿಗಿಂತ ಕಡಮೆ ಮಳೆ ಬೀಳುವ ನಾಡನ್ನು ಭೂಗೋಳಜ್ಞರು ಸಾಮಾನ್ಯವಾಗಿ ಮರುಭೂಮಿಯೆನ್ನುವರು. ತಲಕಾಡಿನಲ್ಲಿ ಅದರ ಎರಡು ಪಟ್ಟಿಗೂ ಮೀರಿದ ಮಳೆಯುಂಟು; ಮಗ್ಗುಲಲ್ಲೇ ಕಾವೇರಿಯುಂಟು. ಹೀಗಿದ್ದೂ ಗಂಗರ ರಾಜಧಾನಿಯಾಗಿದ್ದ ಊರು, ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ಗೆದ್ದು ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದ ಊರು, ದಿಬ್ಬದಿಬ್ಬವಾಗಿ ಬಂದ ಮರಳಿನಡಿ ಹೂತುಹೋಯಿತು. ಆ ದಿಬ್ಬಗಳು ವರ್ಷಕ್ಕೆ 9–10 ಅಡಿಯಂತೆ, ಮುಖ್ಯವಾಗಿ ನೈಋತ್ಯ ಮಾರುತದ ಕಾಲದಲ್ಲಿ, ಮುಂದೊತ್ತಿ ಬರುತ್ತಿದ್ದುವೆಂದೂ ಜನರು ಮನೆಗಳನ್ನು ಬಿಟ್ಟು ಹಿಂದೆ ಸರಿಯುತ್ತಿದ್ದರೆಂದೂ ಹಳೆಯ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಆ ಬಳಿಕ ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನು ಕಾವೇರಿಗೆ ಹಾರುವ ಮುನ್ನ, ತಲಕಾಡು ಮರಳಾಗುವಂತೆಯೂ ಮಾಲಂಗಿ ಮಡುವಾಗುವಂತೆಯೂ ಶಪಿಸಿದಳೆಂದು ಐತಿಹ್ಯ. (ಶಾಪದ ಮೂರನೆಯ ಭಾಗ ಅರಮನೆಗೆ ಸೇರಿದ್ದು, ಅದನ್ನು ಇಲ್ಲಿ ಬಿಡೋಣ.) ಇದನ್ನು ಕೇಳಿ ನಕ್ಕು ಮುಂದೆ ಹೋಗುವ ವಿಜ್ಞಾನದ ಅಧ್ಯಾಪಕರುಂಟು. ನಮಗೆ ಅದು ಸರಿಕಾಣದು. ಕಥೆಯನ್ನು ಕಟ್ಟಿದ ಜನ ನದಿಯನ್ನು ಚೆನ್ನಾಗಿ ನೋಡಿದ್ದರು: ಒಂದು ದಡದಲ್ಲಿ ಮರಳು, ಎದುರು ದಡದಲ್ಲಿ ಮಡು. ಇವೆರಡೂ ಒಂದೇ ಕ್ರಿಯೆಯ ಎರಡು ಮುಖಗಳು.

ಒಂದು ಲೋಟ ನೀರಿಗೆ ಚಹಾಪುಡಿಯನ್ನು ಹಾಕಿ ಚಮಚದಿಂದ ತಿರುವಿ ಬಿಡಿರಿ. ಸುತ್ತುವ ನೀರು ಪುಡಿಯನ್ನು ಅಂಚಿಗೆ ಎಸೆಯಬೇಕಷ್ಟೆ? ಪುಡಿಯು ತಳದ ನಡುವೆ ಗುಡ್ಡೆಯಾಗುವುದು! ಮೇಲಿನ ನೀರು ವೇಗವಾಗಿ ಸುತ್ತಿ ಹೊರಕ್ಕೆ ಒತ್ತುತ್ತದೆ. ತಳದ ನೀರಾದರೋ ಘರ್ಷಣೆಯಿಂದ ನಿಧಾನವಾಗಿ, ಆ ಒತ್ತಡಕ್ಕೆ ಸೋತು ಒಳಕ್ಕೆ ಸರಿಯುತ್ತದೆ, ಪುಡಿಯನ್ನೂ ಒಯ್ಯುತ್ತದೆ. ನದಿಗಳು ಬಳುಕುವ ಕಾರಣವನ್ನು 1926ರಲ್ಲಿ ಐನ್‌ಸ್ಟೈನರು ವಿವರಿಸಿದ್ದು ಈ ದೃಷ್ಟಾಂತದಿಂದಲೇ. ತಲಕಾಡಿನ ಬಳಿ ಕಾವೇರಿ ಎಡಕ್ಕೆ ತಿರುಗುತ್ತಾಳೆ. ತಲಕಾಡು ತಿರುವಿನ ಒಳದಡದಲ್ಲಿದೆ, ಮಾಲಂಗಿ ಹೊರದಡದಲ್ಲಿ. ಹೊರದಡವನ್ನು ಪ್ರವಾಹ ಕೊರೆಯುವುದು. ಒಳದಡಕ್ಕೆ ಮರಳನ್ನು ತಂದೊಟ್ಟುವುದು.

ಅಲ್ಲಿಂದ ಮುಂದಿನ ಕೆಲಸ ಗಾಳಿಯದು. ಲಿಬಿಯದ ಮರುಭೂಮಿಯಲ್ಲಿ ಅಲೆದ ಬ್ರಿಟಿಷ್ ಸೇನೆಯ ಎಂಜಿನಿಯರ್ ಬ್ಯಾಗ್ನಾಲ್ಡರು 1941ರಲ್ಲಿ ಇದರ ಭೌತಶಾಸ್ತ್ರವನ್ನೇ ಪುಸ್ತಕವಾಗಿ ಬರೆದರು. ಮರಳಿನ ಕಣ ಧೂಳಿನಂತೆ ಬಾನಿಗೇರದು. ನೆಲದ ಮೇಲೆ ತುಸುವೇ ಎತ್ತರಕ್ಕೆ ಕುಪ್ಪಳಿಸಿ ಬೀಳುವುದು, ಬಿದ್ದ ಪೆಟ್ಟಿಗೆ ಇನ್ನಷ್ಟು ಕಣಗಳನ್ನು ಎಬ್ಬಿಸುವುದು. ಗಾಳಿಗೆದುರಾದ ಮೈ ಓರೆಯಾಗಿ ಏರುವುದು. ಮರೆಯ ಮೈಯಲ್ಲಿ ಕಣಗಳು ಸುಮಾರು 33 ಡಿಗ್ರಿಯ ಇಳಿಜಾರಿನಲ್ಲಿ ನಿಲ್ಲುವುವು. ಅದಕ್ಕಿಂತ ಕಡಿದಾದರೆ ಜಾರುವುವು. ಮಕ್ಕಳು ಉರುಳಾಡುವ ಆ ಇಳಿಜಾರಿನ ಮೇಲೆ ಒಂದು ಕೋನಮಾಪಕವನ್ನೂ ದಾರಕ್ಕೆ ಕಟ್ಟಿದ ಕಲ್ಲನ್ನೂ ಹಿಡಿದು ನಿಂತ ವಿದ್ಯಾರ್ಥಿಯನ್ನು ನಾವಿನ್ನೂ ಕಾಣಬೇಕಾಗಿದೆ.

ಆದರೆ ಗಾಳಿ ಎತ್ತಬೇಕಾದರೆ ಮರಳು ಒಣಗಬೇಕು. ತಲಕಾಡಿನ ಮೇಲ್ಗಡೆ, ಹೆಮ್ಮಿಗೆಯ ಬಳಿ, ವಿಜಯನಗರದ ಕಾಲದ ಮಾಧವಮಂತ್ರಿ ಅಣೆಕಟ್ಟೆಯಿದೆ. ಅದು ನೀರನ್ನು ತಡೆದುದರಿಂದ ಕೆಳಗಡೆ ಪಾತ್ರದ ಮರಳು ಬಯಲಾಗಿ ಗಾಳಿಯ ಬಾಯಿಗೆ ಸಿಕ್ಕಿತೆಂಬ ವಾದವನ್ನು ಕೃಷಿವಿಜ್ಞಾನಿ ಕೆ. ಎನ್. ಗಣೇಶಯ್ಯನವರು ಮುಂದಿಟ್ಟಿದ್ದಾರೆ. ಇದು ಊಹೆಯೇ ಇರಬಹುದು. ಆದರೆ ಮರಳಿನ ಪದರಗಳನ್ನು ಅಗೆದು, ಅವುಗಳ ಕಾಲವನ್ನು ಅಳೆದು, ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಾದ ಊಹೆ. ಶಾಪವನ್ನು ಹಾಗೆ ಪರೀಕ್ಷಿಸುವ ಉಪಾಯವಿಲ್ಲ. ಊಹೆ ನಿಜವಾದಲ್ಲಿ, ಮೇಲಿನವರ ಗದ್ದೆಗೆ ನೀರು ಕೊಟ್ಟ ಒಳ್ಳೆಯ ಕೆಲಸವೇ ಕೆಳಗಿನವರ ಊರನ್ನು ಮುಚ್ಚಿತೆಂದಾಯಿತು. ಅಲಮೇಲಮ್ಮನ ಕಥೆಗಿಂತ ಇದು ನಮ್ಮನ್ನು ಹೆಚ್ಚು ಕಾಡಬೇಕಾದ ಕಥೆ.

ಏಕೆಂದರೆ ಮೆಲ್ಕಾರಿನವರಿಗೂ ನದಿಯುಂಟು. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟು ನಮ್ಮಿಂದ ದೂರವಿಲ್ಲ. ನೇತ್ರಾವತಿಯ ಮರಳನ್ನು ಗಾಳಿ ಒಯ್ಯುವುದಿಲ್ಲ. ಇಲ್ಲಿಯ ಮಳೆ, ಹಸುರು ಅದಕ್ಕೆ ಎಡೆಗೊಡವು. ಇಲ್ಲಿ ಒಯ್ಯುವುದು ಲಾರಿ. ತಡೆದ ನೀರಿನ ಹಿಂದೆ ಎಷ್ಟು ಮರಳು ತಂಗಿತು, ಮುಂದೆ ಎಷ್ಟು ಕಡಮೆಯಾಯಿತು, ಯಾವ ದಡ ಕುಸಿಯಿತು — ಇವನ್ನು ಕಾಲೇಜಿನ ಹುಡುಗ ಹುಡುಗಿಯರು ಅಳೆಯಬಲ್ಲರು. ತಲಕಾಡಿನಲ್ಲಿ ಒಂದು ಹಗಲನ್ನು ಪೂರ್ತಿ ಕಳೆದು ಬನ್ನಿರಿ, ಶಿವನಸಮುದ್ರ ಇನ್ನೊಮ್ಮೆಗಿರಲಿ. ಬಂದ ಮೇಲೆ, ಮಳೆಗಾಲ ಮುಗಿದು ನೀರಿಳಿದಾಗ, ಪಾಣೆಮಂಗಳೂರಿನ ಸೇತುವೆಯ ಮೇಲೆ ನಿಂತು ಮರಳಿನ ದಿಣ್ಣೆಗಳ ನಕ್ಷೆ ಬರೆದು ದಿನಾಂಕ ಹಾಕಿಡಿರಿ. ಮರುವರ್ಷ ಅದೇ ತಿಂಗಳಲ್ಲಿ, ಅದೇ ಕಂಬದ ಬಳಿ ನಿಂತು, ಇನ್ನೊಂದನ್ನು ಬರೆಯಿರಿ.