ಪುಕ್ಕಟೆ ಮನೆ ಅಂದೋರಿಗೆ ಒಂದು ಲೆಕ್ಕ



ಮೊನ್ನೆ ಆಫೀಸಲ್ಲಿ ಟೀ ಕುಡಿಯುವಾಗ ಜೊತೆಯವರೊಬ್ಬರು ಅಂದರು: "ನಿಮ್ಮೋರಿಗೇನ್ರೀ, ಸರ್ಕಾರ ಮನೇನೂ ಪುಕ್ಕಟೆ ಕೊಡುತ್ತೆ." ಸುತ್ತ ಇದ್ದೋರು ನಕ್ಕರು. ನಾನು ಗುಮಾಸ್ತ, ದಿನವಿಡೀ ಬೇರೆಯವರ ಲೆಕ್ಕ ಬರೆಯೋನು. ಅಲ್ಲಿ ಬಾಯಿ ಬರಲಿಲ್ಲ. ಇವತ್ತು ನಮ್ಮ ಲೆಕ್ಕ ಬರೀತೀನಿ, ಓದಿ.

ಅಮೃತಾಪುರಕ್ಕೆ ಬರೋರು 1196ರ ಅಮೃತೇಶ್ವರ ದೇವಸ್ಥಾನದ ಮುಂದೆ ಫೋಟೋ ತೆಗೆಸ್ಕೊಂಡು ಹಂಗೇ ವಾಪಸ್ ಹೋಗ್ತಾರೆ. ಕೇರಿ ಕಡೆ ಬಂದರೆ ನಮ್ಮ ಚಿಕ್ಕವ್ವನ ಮನೆ ನೋಡಬಹುದು. ಲಿಂಟಲ್‌ವರೆಗೆ ಗೋಡೆ, ಅದರ ಮೇಲೆ ತಗಡು, ತಗಡಿನ ಮೇಲೆ ಟಾರ್ಪಾಲು. ಹಿಂಗೇ ಮೂರು ಮಳೆಗಾಲ ಕಳೆದಿದಾಳೆ.

ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಹಳ್ಳಿ ಮನೆಗೆ ಸಹಾಯಧನ 1.75 ಲಕ್ಷ. (ಕೇಂದ್ರದ ಆವಾಸ್ ಯೋಜನೆ ಇನ್ನೂ ಚೆಂದ: 2016ರಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ಅಂದರು, ಆಮೇಲೆ ಸಿಮೆಂಟು ಕಬ್ಬಿಣದ ರೇಟು ಎಲ್ಲಿಗೆ ಹೋದರೂ ಅದೇ 1.20.) ಆವಾಸ್ ಯೋಜನೆ ಪ್ರಕಾರ ಮನೆ ಕನಿಷ್ಠ 25 ಚದರ ಮೀಟರ್, ಅಂದರೆ 269 ಚದರಡಿ. ಚಿಕ್ಕವ್ವನ ಮನೆಯೂ ಅಷ್ಟೇ. ಮೇಸ್ತ್ರಿ ಹೇಳಿದ್ದು ಚದರಡಿಗೆ 1,500. ನಾಲ್ಕು ಲಕ್ಷ ದಾಟಿತು. ಸಹಾಯಧನ ಕಳೆದರೆ ಇನ್ನೂ ಎರಡೂಕಾಲು ಲಕ್ಷ ಅವಳದೇ ಕೈಯಿಂದ.

ಆ 1.75 ಕೂಡ ಮೊದಲೇ ಸಿಗಲ್ಲ. ತಳಪಾಯ ಹಾಕಿ ಜಿಪಿಎಸ್ ಫೋಟೋ ತೆಗೆಸಬೇಕು, ಆಮೇಲೆ ಕಂತು. ಗೋಡೆ ಎಬ್ಬಿಸಿ ಮತ್ತೆ ಫೋಟೋ. ಮೊದಲು ದುಡ್ಡು ಹಾಕೋರು ಯಾರು? ವಾರದ ಕಂತಿನ ಮೈಕ್ರೋ ಫೈನಾನ್ಸ್‌ನೋರು. ಅವರ ಕಾಟ ಎಷ್ಟಿತ್ತು ಅಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯ್ತು.

ಈಗ ಕೂಲಿಗೆ ಬರೋಣ. ಅಡಿಕೆ ತೋಟದಲ್ಲಿ ಚಿಕ್ಕವ್ವನಿಗೆ ದಿನಕ್ಕೆ 350. ಅದೇ ತೋಟದಲ್ಲಿ ಗಂಡಾಳಿಗೆ 600. ಗೊಬ್ಬರದ ಬುಟ್ಟಿ ಇಬ್ಬರ ತಲೆ ಮೇಲೂ ಒಂದೇ ತೂಕ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ, ತರೀಕೆರೆ ದಾಟಿ ತೋಟದೊಳಗೆ ಬಂದಿಲ್ಲ ಅಷ್ಟೆ. ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದಾಗ ಹೆಣ್ಣಾಳಿಗೆ ಎಷ್ಟು ಏರಿಸಿದಿರಿ ಸ್ವಾಮಿ?

ದಿನಕ್ಕೆ 250 ಕಮ್ಮಿ. ವರ್ಷಕ್ಕೆ 180 ದಿನ ಕೆಲಸ ಅಂತಿಟ್ಟುಕೊಳ್ಳಿ, 45 ಸಾವಿರ. ಐದು ವರ್ಷಕ್ಕೆ 2 ಲಕ್ಷ 25 ಸಾವಿರ. ಮೋಲ್ಡ್ ಹಾಕಿ ಮನೆ ಮುಗಿಸೋಕೆ ಚಿಕ್ಕವ್ವನಿಗೆ ಬೇಕಿದ್ದದ್ದು ಹೆಚ್ಚುಕಮ್ಮಿ ಇಷ್ಟೇ ದುಡ್ಡು! ಅವಳು ತೋಟದ ಕೆಲಸಕ್ಕೆ ಹೋಗ್ತಿರೋದು ಇಪ್ಪತ್ತು ವರ್ಷದಿಂದ. ಪುಕ್ಕಟೆ ತಿಂದೋರು ಯಾರು, ಟೀ ಕುಡೀತಾ ನಕ್ಕೋರು ಹೇಳಲಿ.

ನಮ್ಮ ಸಂಘಟನೆಗಳಿಗೂ ಒಂದು ಮಾತು, ಬೇಜಾರಾದರೂ ಪರವಾಗಿಲ್ಲ. ಏಪ್ರಿಲ್ 14ಕ್ಕೆ ಫ್ಲೆಕ್ಸ್ ಕಟ್ತೀವಿ. ಮನೆ ಮಂಜೂರು ಮಾಡಿಸಿದ ಮುಖಂಡರಿಗೆ ಹಾರ ಹಾಕ್ತೀವಿ. ಕೂಲಿ ವಿಷಯ ಎತ್ತಲ್ಲ. ಯಾಕಂದ್ರೆ ತೋಟಕ್ಕೆ ಹೆಣ್ಣಾಳು ಕರ್ಕೊಂಡು ಹೋಗಿ ತಲೆಗಿಷ್ಟು ಅಂತ ಕಮಿಷನ್ ಇಟ್ಟುಕೊಳ್ಳೋರಲ್ಲಿ ನಮ್ಮ ಹುಡುಗರೂ ಇದಾರೆ. 1946ರಲ್ಲಿ ಕನಿಷ್ಠ ಕೂಲಿ ಮಸೂದೆ ಮಂಡಿಸಿದ್ದು ಬಾಬಾಸಾಹೇಬರೇ ಅಂತ ಫ್ಲೆಕ್ಸ್‌ನಲ್ಲಿ ಯಾರೂ ಬರೆಸಲ್ಲ.

ಮುಂದಿನ ಗ್ರಾಮಸಭೆಯಲ್ಲಿ ನಾನು ಎರಡು ಅರ್ಜಿ ಕೊಡ್ತಿದ್ದೀನಿ. ಒಂದು, ಲಿಂಟಲ್‌ಗೆ ನಿಂತ ಮನೆಗಳ ಪಟ್ಟಿ, ಬಾಕಿ ಕಂತಿನ ಸಮೇತ. ಇನ್ನೊಂದು, ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಅಂತ ಠರಾವು. ಚಿಕ್ಕವ್ವ ಮೊದಲನೇ ಸಹಿ ಹಾಕಿದಾಳೆ. ನಿಮ್ಮ ಕೇರಿಯಲ್ಲಿ ಅರ್ಧಕ್ಕೆ ನಿಂತ ಮನೆ ಎಷ್ಟು, ಹೆಣ್ಣಾಳಿನ ಕೂಲಿ ಎಷ್ಟು, ಊರಿನ ಹೆಸರಿನ ಜೊತೆ ಕೆಳಗೆ ಬರೀರಿ. ಅರ್ಜಿಗೆ ಲಗತ್ತಿಸ್ತೀನಿ.