ನಾಲೆಯ ಜಗಳದ ನಡುವೆ ಪತ್ರಿಕೆಗೆ ಮುಂಚಿತ ತಡೆ ಸಲ್ಲುವುದೇ?

ಗೊರೂರಿನ ಹೇಮಾವತಿ ಜಲಾಶಯದಿಂದ ತುಮಕೂರು ಶಾಖಾ ನಾಲೆಗೆ ಬರುವ ನೀರನ್ನು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಮೂಲಕ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಯೋಜನೆಯು ಗುಬ್ಬಿ, ತುಮಕೂರು ಭಾಗದ ರೈತರಲ್ಲಿ ಪಾಲು ತಪ್ಪುವ ಭಯವನ್ನೂ, ನಾಲೆಯ ಕೊನೆಯ ಭಾಗದ ಕುಣಿಗಲ್ಲಿನವರಲ್ಲಿ ನೀರಿನ ಭರವಸೆಯನ್ನೂ ಒಟ್ಟಿಗೇ ಹುಟ್ಟಿಸಿತು. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಪ್ರತಿಭಟನೆ ಬಿರುಸಾದಾಗ ನಿಷೇಧಾಜ್ಞೆ, ಅಂದರೆ ಜನ ಗುಂಪುಗೂಡದಂತೆ ತಡೆಯುವ ಆದೇಶ, ಜಾರಿಗೆ ಬಂತು. ಇಂಥ ಸಂದರ್ಭದಲ್ಲಿ ಗುಂಪಿಗೆ ಹಾಕಿದ ತಡೆಯನ್ನು ಪತ್ರಿಕೆಗೂ, ಅಚ್ಚಾಗುವ ಮುನ್ನವೇ, ಹಾಕಬಹುದೇ?

ಪರ

ಭಾರತದ ಸಂವಿಧಾನವು ಪತ್ರಿಕೆಗೆಂದು ಪ್ರತ್ಯೇಕ ಹಕ್ಕು ಕೊಟ್ಟಿಲ್ಲ. 19(1)(ಎ) ವಿಧಿಯು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟ ವಾಕ್ ಸ್ವಾತಂತ್ರ್ಯದಲ್ಲೇ ಅದು ಅಡಗಿರುವುದರಿಂದ, ನಾಗರಿಕನಿಗಿರುವ ಮಿತಿ ಸಂಪಾದಕನಿಗೂ ಉಂಟು. 1951ರ ಮೊದಲ ತಿದ್ದುಪಡಿಯು 19(2)ನೇ ವಿಧಿಯಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ಯನ್ನು ನಿರ್ಬಂಧದ ಕಾರಣಗಳಲ್ಲಿ ಒಂದಾಗಿ ಸೇರಿಸಿತು. 2016ರ ಸೆಪ್ಟೆಂಬರ್ 12ರಂದು, ಕಾವೇರಿ ವಿವಾದದ ಕಾವಿನಲ್ಲಿ ಹಲ್ಲೆಯ ದೃಶ್ಯಗಳು ಹರಿದಾಡುತ್ತಿದ್ದಾಗಲೇ ಬೆಂಗಳೂರಿನ ಡಿಪೋ ಒಂದರಲ್ಲಿ ಖಾಸಗಿ ಬಸ್ಸುಗಳು ಸಾಲಾಗಿ ಸುಟ್ಟುಹೋದವು. ಬೆಂಕಿ ಹತ್ತಿದ ಮೇಲೆ ಮೊಕದ್ದಮೆ ಹೂಡುವುದರಿಂದ ಸುಟ್ಟದ್ದು ಮರಳಿ ಬಾರದು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಹಿಂದಿ ಚಳವಳಿಯ ಕಾಲದ ಪಂಜಾಬಿನ ಕಾಯ್ದೆಯೊಂದನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟ್, 1957ರ ವೀರೇಂದ್ರ ಪ್ರಕರಣದಲ್ಲಿ, ಪ್ರಕಟಣೆಗೆ ಮುಂಚಿತ ತಡೆ ಹಾಕುವ ಕಲಮನ್ನು ಎತ್ತಿಹಿಡಿದದ್ದೂ ಉಂಟು.

ವಿರೋಧ

ಆ ತೀರ್ಪಿನ ಇನ್ನರ್ಧವನ್ನು ಪರಪಕ್ಷದವರು ಓದುವುದು ಕಡಿಮೆ. ನ್ಯಾಯಾಲಯ ಒಪ್ಪಿದ್ದು ಎರಡು ತಿಂಗಳ ಗಡುವಿದ್ದ, ಆಕ್ಷೇಪ ಸಲ್ಲಿಸಲು ಅವಕಾಶವಿದ್ದ ತಡೆಯನ್ನು ಮಾತ್ರ. ಗಡುವಾಗಲಿ ಅಹವಾಲಿಗೆ ದಾರಿಯಾಗಲಿ ಇಲ್ಲದೆ ಹೊರಗಿನ ಪತ್ರಿಕೆಗಳ ಪ್ರವೇಶವನ್ನು ನಿಷೇಧಿಸುತ್ತಿದ್ದ ಇನ್ನೊಂದು ಕಲಮು ಬಿದ್ದುಹೋಯಿತು. ಇದಕ್ಕಿಂತ ನಾಲೆಯ ಜಗಳಕ್ಕೆ ಹತ್ತಿರವಾದದ್ದು ರಾಮಮನೋಹರ ಲೋಹಿಯಾ ಪ್ರಕರಣ. ಉತ್ತರಪ್ರದೇಶ ಸರ್ಕಾರ ಏರಿಸಿದ ನೀರಾವರಿ ದರವನ್ನು ಕಟ್ಟಬೇಡಿರೆಂದು 1954ರಲ್ಲಿ ರೈತರಿಗೆ ಕರೆ ಕೊಟ್ಟ ಕಾರಣಕ್ಕೆ ಅವರ ಬಂಧನವಾಗಿತ್ತು. ಮಾತಿಗೂ ಗಲಭೆಗೂ ನಡುವೆ ನಿಕಟ ಸಂಬಂಧ ಇರಬೇಕು, ದೂರದ ಊಹೆ ಸಾಲದು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಆ ಬಂಧನಕ್ಕೆ ಆಧಾರವಾಗಿದ್ದ ಕಾನೂನಿನ ಕಲಮನ್ನು ಅಸಿಂಧುಗೊಳಿಸಿತು. ದರ ಕಟ್ಟಬೇಡಿರೆಂಬ ನೇರ ಕರೆಯೇ ಈ ಒರೆಗಲ್ಲಿನಲ್ಲಿ ಉಳಿದುಕೊಂಡಿರುವಾಗ, ಯಾವ ತೂಬಿನಲ್ಲಿ ಎಷ್ಟು ಕ್ಯೂಸೆಕ್ ಹರಿಯಿತು, ಲಿಂಕ್ ಕೆನಾಲಿನ ಪೈಪು ಹೂಳುವ ಗುತ್ತಿಗೆ ಯಾರ ಪಾಲಾಯಿತು ಎಂಬ ವರದಿಯನ್ನು ತಡೆಯುವುದಕ್ಕೆ ಆಧಾರವೇ ಸಿಗದು. ಅಂಕಿಅಂಶ ಅಚ್ಚಾಗದ ದಿನ ಗುಬ್ಬಿಯಲ್ಲಿ ಒಂದು ಲೆಕ್ಕ, ಕುಣಿಗಲ್ಲಿನಲ್ಲಿ ಇನ್ನೊಂದು ಲೆಕ್ಕ ಬಾಯಿಂದ ಬಾಯಿಗೆ ಹಬ್ಬುತ್ತದೆ. ಸುವ್ಯವಸ್ಥೆ ಕೆಡುವುದು ಆಗಲೇ ಹೆಚ್ಚು.

ಬೆಂಕಿ ಹಚ್ಚಲು ಕರೆ ಕೊಡುವ ಬರಹಕ್ಕೆ ತಡೆ ಸಲ್ಲುತ್ತದೆ, ನಾಲೆಯ ನೀರಿನ ಲೆಕ್ಕ ಕೇಳುವ ಬರಹಕ್ಕೆ ಸಲ್ಲುವುದಿಲ್ಲ. 1960ರ ತೀರ್ಪು ಇಂದಿಗೂ ಊರ್ಜಿತದಲ್ಲಿದೆ.