ಸಂಖ್ಯೆ ಏರಿದರೆ ಕ್ಯಾನ್ಸರೇ?

ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ‘ಸಿಎ-125’ ಎಂಬ ರಕ್ತಪರೀಕ್ಷೆಯನ್ನು ನೀವು ನೋಡಿರಬಹುದು. ಅಂಡಾಶಯದ ಕ್ಯಾನ್ಸರ್ ಪತ್ತೆಗೆಂದು ಇದನ್ನು ಮಾಡಿಸುತ್ತಾರೆ. ರಕ್ತದ ದ್ರವಭಾಗದ ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಆಲ್ಬುಮಿನ್. ಆ ರಾಶಿಯ ನಡುವೆ ಅತ್ಯಲ್ಪ ಪ್ರಮಾಣದಲ್ಲಿರುವ ಸಿಎ-125 ಅನ್ನು, ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳ ನೆರವಿನಿಂದ ಅಳೆಯುತ್ತಾರೆ. ಅಳತೆಯೇನೋ ಸರಿ, ಅದರ ಅರ್ಥವೇ ತೊಡಕಿನದು.

ಮಿಲಿಲೀಟರಿಗೆ 35 ಯೂನಿಟ್‌ವರೆಗೆ ಸಹಜ ಎನ್ನುತ್ತಾರೆ. ಆದರೆ ಮುಟ್ಟು, ಬಸಿರು, ಗರ್ಭಕೋಶದ ಗಡ್ಡೆ, ಹೊಟ್ಟೆಯ ಕ್ಷಯ ಇವುಗಳಲ್ಲೂ ಅದು ಏರಬಹುದು. ಇತ್ತ, ಆರಂಭದ ಹಂತದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ವರದಿಯಂತೆ, ಪ್ರತಿವರ್ಷ ಈ ಪರೀಕ್ಷೆ ಮಾಡಿದರೂ ಈ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ.

ಆದ್ದರಿಂದ ಯಾವ ತೊಂದರೆಯೂ ಇಲ್ಲದವರಿಗೆ ಇದು ಬೇಡವೆಂಬುದು ನನ್ನ ಅಭಿಪ್ರಾಯ. ಸುಳ್ಳು ಭಯ ಬೇಡದ ಶಸ್ತ್ರಚಿಕಿತ್ಸೆಯವರೆಗೂ ಒಯ್ದೀತು. ಸುಳ್ಳು ಧೈರ್ಯ ಇನ್ನೂ ಅಪಾಯ. ಆದರೆ ಹೊಟ್ಟೆಯುಬ್ಬರ, ಕೆಳಹೊಟ್ಟೆ ನೋವು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಎರಡು-ಮೂರು ವಾರ ಬಿಡದೆ ಕಾಡಿದರೆ, ‘ಗ್ಯಾಸ್’ ಎಂದು ಸುಮ್ಮನಿರಬೇಡಿ. ವೈದ್ಯರಿಗೆ ತೋರಿಸಿ. ತಾಯಿಗೋ ಅಕ್ಕತಂಗಿಯರಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ತಿಳಿಸಿ. ಆಗ ಈ ಸಂಖ್ಯೆಗೂ ಒಂದು ಬೆಲೆಯುಂಟು.